ಅಟೆಂಡರ್ ಜಿನಮತಿ, ಹಾಜರಿ ನಂಬರ್ ಇಪ್ಪತ್ತಮೂರು

ಬೆಳಗಿನ ಐದೂಕಾಲು ಗಂಟೆ. ಬಸ್ತಿಹಳ್ಳಿಯಲ್ಲಿ ಹಾಲಿನ ಕ್ಯಾನು ಹೊತ್ತವರನ್ನು ಬಿಟ್ಟರೆ ಬೀದಿಗೆ ಇನ್ನೂ ಯಾರೂ ಇಳಿದಿಲ್ಲ. ಬಸದಿಗಳಿಂದ ನಾಲ್ಕು ಮನೆ ಈಚೆಗಿರುವ ಹೆಂಚಿನ ಮನೆಯ ಪಡಸಾಲೆಯಲ್ಲಿ ಜಿನಮತಿಯವರು ಕಾಲು ಮಷಿನ್ ತುಳಿಯುತ್ತಿದ್ದಾರೆ. ಹಳೇಬೀಡಿನ ಮದುವೆ ಮನೆಯವರು ಕೊಟ್ಟ ಎರಡು ದಿಂಬಿನ ಚೀಲಗಳು. ಒಂದರ ಮೇಲೆ ಮದುಮಗನ ಹೆಸರು ಬರಬೇಕು, ಇನ್ನೊಂದರ ಮೇಲೆ ಮದುಮಗಳದು. ಸೂಜಿ ಓಡಿದ ದಾರಿಯನ್ನು ನಾನು ಬಗ್ಗಿ ನೋಡುತ್ತೇನೆ. ಅಕ್ಷರದ ಹಾಗೆ ಇದೆ, ಓದಲು ಮಾತ್ರ ಬರುತ್ತಿಲ್ಲ.

"ಇದು ಯಾವ ಭಾಷೆ ಅಮ್ಮ?"

"ಕನ್ನಡ ಕಣ್ರೀ. ಉಲ್ಟಾ ಐತೆ ಅಷ್ಟೇ," ಎನ್ನುತ್ತಾ ಬಟ್ಟೆ ಮಗುಚುತ್ತಾರೆ. ಆ ಕಡೆ ಚಿನ್ನದ ಬಣ್ಣದ ದಪ್ಪ ದಾರದಲ್ಲಿ ಮದುಮಗಳ ಹೆಸರು 'ಸಿದ್ಧಿ' ಎಂದು ಲಕ್ಷಣವಾಗಿ ಮೂಡಿದೆ.

ಗುಟ್ಟು ದೊಡ್ಡದೇನಲ್ಲ. ದಪ್ಪ ದಾರ ಸೂಜಿಯ ಕಣ್ಣಿಗೆ ಹಿಡಿಯುವುದಿಲ್ಲ. ಅದನ್ನು ಮಷಿನ್ನಿನ ಹೊಟ್ಟೆಯೊಳಗಿನ ಬಾಬಿನ್‌ಗೆ ಸುತ್ತುತ್ತಾರೆ. ಹಾಗೆ ಮಾಡಿದರೆ ಚೆಂದದ ದಾರ ಬೀಳುವುದು ಬಟ್ಟೆಯ ಕೆಳಗಡೆ. ಆದ್ದರಿಂದ ಬಟ್ಟೆಯನ್ನು ಮಕಾಡೆ ಮಲಗಿಸಬೇಕು, ಕಣ್ಣಿಗೆ ಕಾಣುವ ಒಳಮೈ ಮೇಲೆ ಅಕ್ಷರವನ್ನು ಬಲದಿಂದ ಎಡಕ್ಕೆ ತಿರುಗಿಸಿ ಬರೆಯಬೇಕು. ಇಪ್ಪತ್ತಾರು ವರ್ಷದಿಂದ ಜಿನಮತಿ ಹೀಗೆಯೇ ಬರೆಯುತ್ತಿದ್ದಾರೆ. ನಾವು ಸೀದಾ ಬರೆಯುವಷ್ಟೇ ವೇಗವಾಗಿ ಅವರು ಉಲ್ಟಾ ಬರೆಯುತ್ತಾರೆ. ಓದುಗರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಆರೂಕಾಲಿಗೆ ಹಳೇಬೀಡಿನಿಂದ ಬಸ್ಸು. ಜಾವಗಲ್ ದಾಟಿ ಅರಸೀಕೆರೆಗೆ ಸುಮಾರು ಒಂದೂವರೆ ಗಂಟೆಯ ದಾರಿ. ಕಂಡಕ್ಟರ್‌ಗೆ ಇವರ ಗುರುತಿದೆ, ಇವರ ಚೀಲಕ್ಕೆಂದೇ ಡ್ರೈವರ್ ಹಿಂದಿನ ಸೀಟಿನ ಕೆಳಗೆ ಜಾಗವಿದೆ. ಚೀಲದಲ್ಲಿ ಎರಡು ಡಬ್ಬಿ. ಒಂದು ಮಧ್ಯಾಹ್ನಕ್ಕೆ, ಒಂದು ಸಂಜೆಗೆ. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ, ಮನೆತನದ ನೇಮ. ಬೇಸಿಗೆಯಲ್ಲಿ ಹೇಗೋ ಮನೆ ಮುಟ್ಟಿ ಊಟ ಮಾಡುತ್ತಾರೆ. ಚಳಿಗಾಲದಲ್ಲಿ ಮಾತ್ರ ಜಾವಗಲ್ ನಿಲ್ದಾಣದಲ್ಲಿ ಬಸ್ಸು ನಿಂತ ಐದು ನಿಮಿಷದಲ್ಲೇ ಡಬ್ಬಿ ಖಾಲಿಯಾಗಬೇಕು. "ಡಿಸೆಂಬರ್‌ನಾಗೆ ಸೂರ್ಯಂಗೂ ಬಸ್ಸಿಗೂ ರೇಸು. ಒಂದೊಂದ್ ದಿನ ಸೂರ್ಯನೇ ಗೆಲ್ತಾನೆ. ಅವತ್ತು ನೀರೂ ಇಲ್ಲ, ಹಂಗೇ ಮಲಗೋದು," ಎಂದು ನಗುತ್ತಾರೆ.

ಅರಸೀಕೆರೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಜವಳಿ ತರಬೇತಿ ಕೇಂದ್ರವಿದೆ. ಹೆಸರು ಬರೆಯಬೇಡಿ ಎಂದು ಪ್ರಾಂಶುಪಾಲರು ಎರಡು ಸಲ ಹೇಳಿದ್ದಾರೆ, ಬರೆಯುವುದಿಲ್ಲ. ಹದಿನಾಲ್ಕು ಹೊಲಿಗೆ ಮಷಿನ್, ಕಂಪ್ಯೂಟರ್‌ನಿಂದ ನಡೆಯುವ ಎರಡು ಕಸೂತಿ ಮಷಿನ್, ಆರು ಕಂಪ್ಯೂಟರ್, ಮೂವತ್ತೊಂದು ವಿದ್ಯಾರ್ಥಿಗಳು. ಒಂದು ವರ್ಷದ ಕೋರ್ಸು. ಮೊದಲು ಕಂಪ್ಯೂಟರ್‌ನಲ್ಲಿ ವಿನ್ಯಾಸ ಬರೆಯುವುದನ್ನು, ಆಮೇಲೆ ಅದನ್ನು ಬಟ್ಟೆಗೆ ಇಳಿಸುವುದನ್ನು ಕಲಿಸುತ್ತಾರೆ. ಈ ಕೇಂದ್ರದಲ್ಲಿ ಜಿನಮತಿಯವರು ಯಾರು ಎಂದು ಕೇಳಿದರೆ ಯಾವ ಪುಸ್ತಕ ನೋಡುತ್ತೀರಿ ಎಂಬುದರ ಮೇಲೆ ಉತ್ತರವಿದೆ. ಬೆಳಿಗ್ಗೆ ಎಂಟಕ್ಕೆ ಆಫೀಸಿನ ರಿಜಿಸ್ಟರ್‌ನಲ್ಲಿ ಕೊನೆಯ ಸಾಲಿಗೆ ಸಹಿ ಹಾಕುತ್ತಾರೆ, ಅಲ್ಲಿ ಅವರು ಅಟೆಂಡರ್. ಹತ್ತಕ್ಕೆ ಕ್ಲಾಸಿನ ಹಾಜರಿ ಪುಸ್ತಕವನ್ನು ತಾವೇ ತಂದು ಮೇಜಿನ ಮೇಲಿಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಬೋಧಕಿ ಕಾಂತಮ್ಮ ಮೇಡಂ "ಇಪ್ಪತ್ಮೂರು" ಎಂದಾಗ "ಎಸ್ ಮೇಡಂ" ಎನ್ನುತ್ತಾರೆ. ಅಲ್ಲಿ ಅವರು ವಿದ್ಯಾರ್ಥಿನಿ. ವಯಸ್ಸು ನಲವತ್ತಾರು.

ಎಂಟರಿಂದ ಹತ್ತರವರೆಗೆ ಏನು ಮಾಡುತ್ತಾರೆಂದು ನಾನು ಎಣಿಸಿದ್ದೇನೆ. ಎರಡು ಕೊಠಡಿ ಗುಡಿಸಿದರು. ಹದಿನಾಲ್ಕು ಮಷಿನ್‌ಗಳ ಹಲ್ಲಿನ ಸಂದಿಯಿಂದ ಬ್ರಷ್ ಹಾಕಿ ಅರಳೆ ತೆಗೆದರು. ಐದಕ್ಕೆ ಎಣ್ಣೆ ಬಿಟ್ಟರು. ಮೊಂಡಾದ ಮೂರು ಸೂಜಿ ಬದಲಾಯಿಸಿದರು. ಇಪ್ಪತ್ತೆಂಟು ಬಾಬಿನ್‌ಗೆ ದಾರ ಸುತ್ತಿದರು. ಏಳನೇ ಮಷಿನ್ನಿನ ಮುಂದೆ ನಿಂತು ಒಂದು ಸಾರಿ ಚಕ್ರ ತಿರುಗಿಸಿ, ಕಿವಿಗೊಟ್ಟು, "ಇದುಕ್ಕೆ ಇವತ್ತು ಮೈ ಸರಿ ಇಲ್ಲ" ಎಂದು ಅದರ ಮೇಲೊಂದು ಬಟ್ಟೆ ಹೊದಿಸಿದರು. ಮಧ್ಯಾಹ್ನ ಒಬ್ಬ ಹುಡುಗಿ ಆ ಬಟ್ಟೆ ತೆಗೆದು ಹೊಲಿಯಲು ಕೂತಳು. ಹತ್ತು ನಿಮಿಷದಲ್ಲಿ ದಾರ ಗಂಟಾಗಿ ಮಷಿನ್ ನಿಂತಿತು. ಜಿನಮತಿ ಮತ್ತೆ ಬಟ್ಟೆ ಹೊದಿಸಿದರು.

ನನ್ನನ್ನೂ ಬಿಡಲಿಲ್ಲ. ಮಾತಿನ ನಡುವೆ ನನ್ನ ಅಂಗಿಯ ಕಾಲರನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ, "ರೆಡಿಮೇಡಾ? ಇಂಚಿಗೆ ಎಂಟೇ ಹೊಲಿಗೆ ಹಾಕವ್ರೆ. ಹನ್ನೆರಡು ಬೀಳ್ಬೇಕು ಕಾಲರ್‌ಗೆ. ಇನ್ನು ನಾಲ್ಕು ಒಗೆತಕ್ಕೆ ಬಾಯಿ ಬಿಡ್ತೈತೆ ನೋಡ್ರಿ," ಎಂದರು. ಈ ಲೇಖನ ಮುಗಿಸುವ ಹೊತ್ತಿಗೆ ಅದು ಬಾಯಿ ಬಿಟ್ಟಿದೆ.

ಅಟೆಂಡರ್ ಆಗಿ ಅವರದು ಹನ್ನೊಂದನೇ ವರ್ಷ. ಕೆಲಸ ಗುಡಿಸುವುದು, ಎಣ್ಣೆ ಹಾಕುವುದು. ಆದರೆ ದಾರ ಹರಿದವರು, ಹೊಲಿಗೆ ಸೊಟ್ಟಗಾದವರು, ಕೈಗೆ ಸೂಜಿ ಚುಚ್ಚಿಕೊಂಡವರು ಓಡುವುದು ಇವರ ಹತ್ತಿರ. ಕಾಂತಮ್ಮ ಮೇಡಂ ಇದನ್ನು ಮುಚ್ಚಿಡುವವರಲ್ಲ. "ಪಾಠ ನಾನು ಮಾಡ್ತೀನಿ, ಕೈ ಕೂರಿಸೋದು ಜಿನಮತಿ. ಹನ್ನೊಂದು ವರ್ಷ ಅರ್ಧ ಕ್ಲಾಸು ಅವಳೇ ತಗೊಂಡಿದಾಳೆ. ನಾನು ಮೇ ತಿಂಗಳ ಕೊನೆಗೆ ರಿಟೈರ್ ಆಗ್ತಿದೀನಿ. ನನ್ನ ಕುರ್ಚಿ ಅವಳಿಗೇ ಸೇರ್ಬೇಕು. ಆದ್ರೆ ಸರ್ಟಿಫಿಕೇಟ್ ಇಲ್ದೆ ಕೊಡಲ್ಲ ಅಂತಾರೆ," ಎಂದು ಅವರು ಸಿಟ್ಟಿನಿಂದಲೇ ಹೇಳುತ್ತಾರೆ.

ವಿಷಯ ಇಷ್ಟೇ. ಕಲಿಸಲು ಬರುತ್ತದೆ, ಕಲಿಸಿದ್ದೂ ಆಗಿದೆ, ಕಲಿಸಬಹುದು ಎಂಬ ಕಾಗದವಿಲ್ಲ. ಆ ಕಾಗದಕ್ಕಾಗಿ ಎರಡು ವರ್ಷದ ಹಿಂದೆ ಜಿನಮತಿ ತಾವು ಗುಡಿಸುವ ಕ್ಲಾಸಿಗೇ ವಿದ್ಯಾರ್ಥಿನಿಯಾಗಿ ಸೇರಿದರು. ಹೊಲಿಗೆಯ ಪರೀಕ್ಷೆ ಅವರಿಗೆ ಲೆಕ್ಕಕ್ಕೇ ಇಲ್ಲ. ಎಡವಿದ್ದು ಕಂಪ್ಯೂಟರ್ ವಿನ್ಯಾಸದಲ್ಲಿ. ಕಳೆದ ಜೂನ್‌ನಲ್ಲಿ ಫೇಲಾದರು. ನಿಯಮದ ಪ್ರಕಾರ ಮರುಪರೀಕ್ಷೆಗೆ ಇರುವುದು ಒಂದೇ ಅವಕಾಶ. ಅದೂ ಹೊಸ ತಂಡದ ಜೊತೆ ಮತ್ತೆ ಮೊದಲಿಂದ ಕ್ಲಾಸಿಗೆ ಕೂತ ಮೇಲೆ. ಈ ಮೇ ತಿಂಗಳಲ್ಲಿ ತಪ್ಪಿದರೆ ಕಾಂತಮ್ಮನವರ ಕುರ್ಚಿಗೆ ಹೊರಗಿನವರು ಬರುತ್ತಾರೆ. ಜಿನಮತಿ ಅವರ ಮೇಜನ್ನೂ ಒರೆಸುತ್ತಾರೆ.

ಪಾಸಾದರೆ ಏನು ಆಸೆ ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳಲು ನನಗೂ ಸಂಕೋಚ, ಆದರೆ ಪುರವಣಿಯವರು ಕೇಳಲೇಬೇಕು ಅನ್ನುತ್ತಾರೆ. ಅವರು ಸ್ವಲ್ಪ ಹೊತ್ತು ಬಾಬಿನ್ ಸುತ್ತಿದರು. "ಹಾಜರಿ ನಾನು ಕೂಗ್ಬೇಕು ಕಣ್ರೀ. ಹನ್ನೊಂದು ವರ್ಷ ಆ ಪುಸ್ತಕ ತಂದು ಮೇಜಿನ ಮ್ಯಾಲೆ ಇಟ್ಟಿದೀನಿ. ಒಂದು ದಿನಾನೂ ತೆಗೆದು ಕೂಗಿಲ್ಲ," ಎಂದರು.

ಮೌಸ್ ಮೊದಲ ಸಲ ಮುಟ್ಟಿದಾಗ ಅವರಿಗೆ ನಲವತ್ತನಾಲ್ಕು. ಇಸ್ತ್ರಿ ಪೆಟ್ಟಿಗೆ ಹಿಡಿದ ಹಾಗೆ ಹಿಡಿದರಂತೆ. ಒತ್ತಿ ಎಳೆಯುವುದು, ಸಾಲು ಮುಗಿದರೆ ಎತ್ತಿ ಇಡುವುದು. ಈ ವರ್ಷದ ತಂಡದಲ್ಲಿ ಗಂಡಸಿ ಊರಿನಿಂದ ಬರುವ ಸುಷ್ಮಿತಾ ಎಂಬ ಹತ್ತೊಂಬತ್ತರ ಹುಡುಗಿ ಇದ್ದಾಳೆ. ಜಿನಮತಿಯವರ ಪಕ್ಕದ ಕಂಪ್ಯೂಟರ್ ಅವಳದು. "ಆಂಟಿ, ಎತ್ತಬೇಡಿ ಆಂಟಿ, ಅದೇನು ಕಾದಿರಲ್ಲ" ಎಂದು ಹೇಳಿ ಹೇಳಿ ಸಾಕಾಯಿತು ಎನ್ನುತ್ತಾಳೆ. ಇಬ್ಬರಿಗೂ ಒಂದು ಒಪ್ಪಂದವಾಗಿದೆ. ಅವಳು ಇವರಿಗೆ ಪಂಚಿಂಗ್ ಹೇಳಿಕೊಡಬೇಕು, ಅಂದರೆ ಬರೆದ ಚಿತ್ರವನ್ನು ಎಲ್ಲಿ ಎಷ್ಟು ಹೊಲಿಗೆ ಬೀಳಬೇಕೆಂದು ಕಂಪ್ಯೂಟರ್‌ಗೆ ಗೊತ್ತು ಮಾಡುವ ಕೆಲಸ. ಇವರು ಅವಳಿಗೆ ದಾರದ ಬಿಗಿ ಹೇಳಿಕೊಡಬೇಕು. "ಆಂಟಿ ದಾರಾನ ಎರಡು ಬೆರಳಲ್ಲಿ ಎಳೆದು ಕಣ್ಣು ಮುಚ್ಕೋತಾರೆ. ಆಮೇಲೆ ಸ್ಕ್ರೂ ಅರ್ಧ ಸುತ್ತು ತಿರುಗಿಸ್ತಾರೆ. ಸರಿಯಾಗ್ಬಿಡುತ್ತೆ. ನಾನು ಕಣ್ಣು ಮುಚ್ಕೊಂಡ್ರೆ ನಿದ್ದೆ ಬರುತ್ತೆ ಅಷ್ಟೇ," ಎಂದು ಸುಷ್ಮಿತಾ ದೂರುತ್ತಾಳೆ.

ಫೇಲಾದ ಕಥೆಯನ್ನು ಜಿನಮತಿ ತಾವಾಗಿ ಹೇಳುವುದಿಲ್ಲ, ಕೇಳಿದರೆ ಮುಚ್ಚುವುದೂ ಇಲ್ಲ. ಕಳೆದ ವರ್ಷ ಪರೀಕ್ಷೆಯಲ್ಲಿ ಒಂದು ಅಂಚು, ಒಂದು ಪದ, ಎರಡನ್ನೂ ಸ್ವಂತವಾಗಿ ವಿನ್ಯಾಸ ಮಾಡಿ ಕಸೂತಿ ಮಷಿನ್ನಿನಲ್ಲಿ ಹೊಲಿಯಬೇಕಿತ್ತು. ಇವರು ಪುಸ್ತಕ ಸುತ್ತುವ ಬಟ್ಟೆ ಮಾಡಲು ಹೊರಟರು. ಶ್ರುತಪಂಚಮಿಯ ದಿನ ಜೈನರ ಮನೆಗಳಲ್ಲಿ ಶಾಸ್ತ್ರದ ಪುಸ್ತಕಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಅಂಚಿಗೆ ಹಳೇಬೀಡಿನ ದೇವಸ್ಥಾನದ ನಕ್ಷತ್ರಾಕಾರದ ಜಗಲಿಯ ಮೂಲೆಗಳು, ನಡುವೆ ಶಾಸ್ತ್ರವೆಂಬ ಅರ್ಥದ 'ಶ್ರುತ' ಪದ. ಕಂಪ್ಯೂಟರ್‌ನಲ್ಲಿ ಚಿತ್ರ ಬರೆದರು, ನೋಡಿದರು, ತೃಪ್ತಿಯಾಯಿತು, ಮಷಿನ್‌ಗೆ ಕಳಿಸಿದರು. ಪರೀಕ್ಷಕರು ಬಟ್ಟೆ ಎತ್ತಿ ಹಿಡಿದು, "ಇದು ಯಾವ ಲಿಪಿನಮ್ಮ?" ಎಂದರು.

ಉಲ್ಟಾ ಬರೆದಿದ್ದರು. ಪರದೆಯ ಮೇಲೆ ಉಲ್ಟಾ ಕಂಡಿದ್ದನ್ನು ನೋಡಿಯೇ ಸರಿಯಾಗಿದೆ ಎಂದುಕೊಂಡಿದ್ದರು. ಬೇರೆ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಅವರ ಕಣ್ಣಿಗೆ ಕೆಲಸದ ಹೊತ್ತಿನಲ್ಲಿ ಅಕ್ಷರ ಇರುವುದೇ ಹಾಗೆ. "ಕಂಪ್ಯೂಟರ್‌ಗೆ ಒಳಮೈ ಇಲ್ಲ ಅಂತ ನಂಗೆ ಹೊಳೀಲೇ ಇಲ್ಲ ನೋಡ್ರಿ. ಇವತ್ತಿಗೂ ಅಕ್ಷರ ಸೀದಾ ಕಂಡ್ರೆ ಎಲ್ಲೋ ತಪ್ಪಿದೀನಿ ಅಂತ ಎದೆ ಹೊಡ್ಕೊಂತೈತೆ. ಅವತ್ತು ಹುಡುಗ್ರು ನಕ್ಕುಬಿಟ್ರು. ನಾನೇ ಸೂಜಿಗೆ ದಾರ ಪೋಣ್ಸೋದು ಕಲ್ಸಿದ ಹುಡುಗ್ರು. ಮಾನ ಹೋದಂಗಾಯ್ತು ಕಣ್ರೀ," ಎನ್ನುವಾಗ ಮಾತ್ರ ಅವರ ಧ್ವನಿ ಕುಗ್ಗುತ್ತದೆ.

ಬಟ್ಟೆ ತಂದು ಮನೆಯ ಮೂಲೆಗೆ ಎಸೆದರಂತೆ. ಅದನ್ನು ಎತ್ತಿಕೊಂಡವರು ಅತ್ತೆ ಶಾಂತಾದೇವಿ. ಎಪ್ಪತ್ತೆಂಟರ ಈ ಹಿರಿಯರು ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇವರು ಅಭ್ಯಾಸದಂತೆ ಬಾಬಿನ್‌ಗೂ ಅದೇ ಬಣ್ಣದ ದಾರ ಹಾಕಿದ್ದರಿಂದ ಹಿಂಭಾಗವೂ ಚೊಕ್ಕಟವಾಗಿತ್ತು. "ಈ ಕಡೆಯಿಂದ 'ಶ್ರುತ' ಅಂತಲೇ ಐತಲ್ಲೇ! ಮಗುಚಿ ಸುತ್ತುದ್ರೆ ಆಯ್ತು, ಅದಕ್ಯಾಕೆ ಹಿಂಗೆ ಮಕ ಊದಿಸ್ಕೊಂಡಿದೀಯಾ?" ಎಂದರಂತೆ. ಆ ವಾರವೇ ಶ್ರುತಪಂಚಮಿ ಇತ್ತು. ಫೇಲಾದ ಬಟ್ಟೆ ಈಗಲೂ ಮನೆಯ ಪುಸ್ತಕದ ಮೈಮೇಲಿದೆ. ಶಾಂತಾದೇವಿ ಪೆಟ್ಟಿಗೆ ತೆರೆದು ನನಗೂ ತೋರಿಸಿದರು. ಯಾವುದು ಒಳಮೈ, ಯಾವುದು ಹೊರಮೈ ಎಂದು ನನಗೆ ತಿಳಿಯಲಿಲ್ಲ.

ಆಮೇಲಿನದು ಒಂದು ವರ್ಷದ ಹೋರಾಟ, ತಮ್ಮ ಕಣ್ಣಿನ ಜೊತೆಗೇ. ಕಂಪ್ಯೂಟರ್‌ನ ಅಂಚಿಗೆ ಸುಷ್ಮಿತಾ ಒಂದು ಹಳದಿ ಚೀಟಿ ಅಂಟಿಸಿದಳು: 'ಆಂಟಿ, ಇದು ಹೊರಮೈ.' ದಿನಕ್ಕೆ ಹತ್ತು ಪದ ಬರೆಯಬೇಕು ಎಂದು ಗೊತ್ತು ಮಾಡಿದಳು. ಮೊದಲ ತಿಂಗಳು ಹತ್ತರಲ್ಲಿ ಆರು ಉಲ್ಟಾ. ದೀಪಾವಳಿ ಹೊತ್ತಿಗೆ ಎರಡು. ಜನವರಿಯಲ್ಲಿ ಒಂದೂ ಇಲ್ಲ ಎಂದು ಕುಣಿದಾಡಿದರೆ, ಅದೇ ವಾರ ಊರಿನ ಮದುವೆಯ ದಿಂಬಿನ ಚೀಲದಲ್ಲಿ ಹೆಸರು ತಪ್ಪಿ ಸೀದಾ ಬರೆದು ಕೆಡಿಸಿದರು. "ಎರಡೂ ಕಡೆಗೂ ಇಲ್ದಂಗೆ ಆಗ್ಬಿಟ್ಟೆ," ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ.

ಮೇ ಹದಿನಾರು. ಪರೀಕ್ಷೆ ಬೆಳಿಗ್ಗೆ ಹತ್ತೂವರೆಗೆ. ಬರೆಯುವವರು ಒಬ್ಬರೇ. ಹೊರಗಿನಿಂದ ಬಂದ ಪರೀಕ್ಷಕರು, ಕಾಂತಮ್ಮ ಮೇಡಂ, ಜಿನಮತಿ. ಕಿಟಕಿಯ ಹೊರಗೆ ಬೆಂಚಿನಲ್ಲಿ ನಾನು ಮತ್ತು ಸುಷ್ಮಿತಾ. ಹಳದಿ ಚೀಟಿಯನ್ನು ಪರೀಕ್ಷಕರು ಕಿತ್ತಿಡಲು ಹೇಳಿದ್ದಾರೆ, ನ್ಯಾಯವೇ. ಪ್ರಶ್ನೆಪತ್ರಿಕೆ ಕಳೆದ ಸಲದ ಹಾಗೆಯೇ ಇದೆ: ಒಂದು ಅಂಚು, ಒಂದು ಪದ. ಬೇರೆ ಪದ ಆರಿಸಿಕೊಳ್ಳಬಹುದಿತ್ತು. ಜಿನಮತಿ ಮತ್ತೆ 'ಶ್ರುತ'ವನ್ನೇ ಬರೆಯುತ್ತಾರೆ. "ಈ ಆಂಟಿಗೆ ಹಟ ನೋಡಿ ಸಾರ್," ಎಂದು ಸುಷ್ಮಿತಾ ಹಣೆ ಚಚ್ಚಿಕೊಳ್ಳುತ್ತಾಳೆ. ಬರೆದಾದ ಮೇಲೆ ಅವರು ಪ್ರಶ್ನೆಪತ್ರಿಕೆಯನ್ನು ಪರದೆಯ ಪಕ್ಕ ಹಿಡಿದು, ಅಲ್ಲಿ ಅಚ್ಚಾದ ಅಕ್ಷರಗಳ ಜೊತೆ ತಮ್ಮದನ್ನು ಒಂದೊಂದಾಗಿ ಹೋಲಿಸುತ್ತಾರೆ. ಅಕ್ಷರ ಸೀದಾ ಇದೆ. ಎರಡು ಸಲ ನೋಡುತ್ತಾರೆ, ಮೂರನೇ ಸಲವೂ ನೋಡುತ್ತಾರೆ. ಅಂತೂ ಬಟ್ಟೆಯನ್ನು ಫ್ರೇಮಿಗೆ ಬಿಗಿದು ಮಷಿನ್ ಶುರು ಮಾಡುತ್ತಾರೆ.

ಅಂಚು ಮುಗಿಯುತ್ತದೆ. 'ಶ್ರು' ಮುಗಿಯುತ್ತದೆ. 'ತ' ಅರ್ಧಕ್ಕೆ ಬಂದಾಗ ಕರೆಂಟು ಹೋಗುತ್ತದೆ.

ಅಯ್ಯೋ ಎಂದವರು ಕಾಂತಮ್ಮ ಮೇಡಂ. ಕರೆಂಟು ಹೋದರೆ ಮಷಿನ್ನನ್ನು ನಡೆಸುವ ಬ್ಯಾಟರಿ ಎರಡು ತಿಂಗಳಿಂದ ರಿಪೇರಿಯಲ್ಲಿದೆ. ಪರೀಕ್ಷಕರು ಗಡಿಯಾರ ನೋಡಿ, "ಹೋದಷ್ಟು ಟೈಮ್ ಸೇರಿಸಿ ಕೊಡ್ತೀನಿ. ಬೇರೆ ಬಟ್ಟೆ ಕೊಡೋಕಾಗಲ್ಲ," ಎನ್ನುತ್ತಾರೆ. ಒಂಬತ್ತು ನಿಮಿಷದ ಮೇಲೆ ಕರೆಂಟು ಬರುತ್ತದೆ. ಮಷಿನ್ನಿನ ಪುಟ್ಟ ಪರದೆಯಲ್ಲಿ ಹೊಲಿಗೆಯ ಲೆಕ್ಕ ಸೊನ್ನೆಗೆ ಹೋಗಿ ನಿಂತಿದೆ. ಹಳೆಯ ಮಷಿನ್, ಎಲ್ಲಿ ನಿಂತಿದ್ದೆ ಎಂಬುದು ಅದಕ್ಕೆ ಮರೆತುಹೋಗಿದೆ. ಹಾಗೆಯೇ ಶುರು ಮಾಡಿದರೆ ಹೊಲಿದದ್ದರ ಮೇಲೆಯೇ ಮತ್ತೆ ಹೊಲಿಯುತ್ತದೆ. ಅಂದಾಜಿನ ಮೇಲೆ ಮುಂದೆ ಓಡಿಸಿದರೆ ಅಕ್ಷರದ ನಡುವೆ ಸಂದು ಬೀಳುತ್ತದೆ. "ನಾನಾಗಿದ್ರೆ ಅತ್ತುಬಿಡ್ತಿದ್ದೆ," ಎಂದು ಸುಷ್ಮಿತಾ ಪಿಸುಗುಟ್ಟುತ್ತಾಳೆ. ಅವಳ ಕಣ್ಣಲ್ಲಿ ಆಗಲೇ ನೀರಿದೆ.

ಜಿನಮತಿ ಫ್ರೇಮನ್ನು ಬಿಚ್ಚುವುದಿಲ್ಲ. ಮಷಿನ್ ಶುರು ಮಾಡದೆ ಸೆರಗು ಸಿಕ್ಕಿಸಿಕೊಂಡು ಕೆಳಗೆ ಕೂರುತ್ತಾರೆ. ಎಡಗೈಯನ್ನು ಬಟ್ಟೆಯ ಅಡಿಗೆ ತೂರಿಸುತ್ತಾರೆ. ಮೇಲಿನಿಂದ ನೋಡಿದರೆ ತುಂಬಿದ ಹೊಲಿಗೆಯಲ್ಲಿ ಕೊನೆಯದು ಯಾವುದೆಂದು ದೇವರಿಗೂ ತಿಳಿಯುವುದಿಲ್ಲ. ಒಳಮೈಯಲ್ಲಿ ಹಾಗಲ್ಲ, ಕೊನೆಯ ಹೊಲಿಗೆ ಬಿದ್ದ ತೂತಿನಲ್ಲಿ ದಾರದ ತುದಿ ಸಡಿಲವಾಗಿ ನಿಂತಿರುತ್ತದೆ. ಅವರು ಕಣ್ಣು ಮುಚ್ಚಿ ಬೆರಳ ತುದಿಯಲ್ಲೇ ಅದನ್ನು ಹುಡುಕುತ್ತಾರೆ. ಸಿಕ್ಕಿತು. ಸೆರಗಿನ ಪಿನ್ನು ತೆಗೆದು ಅದೇ ತೂತಿನಲ್ಲಿ ಕೆಳಗಿನಿಂದ ಮೇಲಕ್ಕೆ ಚುಚ್ಚುತ್ತಾರೆ. ಈಗ ಬಟ್ಟೆಯ ಮೇಲೆ ಪಿನ್ನಿನ ಮೊನೆ ಕಾಣುತ್ತಿದೆ. ಎದ್ದು ಬಂದು ಪರದೆಯ ಗುಂಡಿ ಒತ್ತಿ ಲೆಕ್ಕವನ್ನು ಮುಂದಕ್ಕೆ ಓಡಿಸುತ್ತಾರೆ. ಮೊದಲು ನೂರು ನೂರು, ಆಮೇಲೆ ಹತ್ತು ಹತ್ತು, ಕೊನೆಗೆ ಒಂದೊಂದೇ ಹೊಲಿಗೆ. ಮಷಿನ್ನಿನ ಸೂಜಿ ಸರಿಯಾಗಿ ಪಿನ್ನಿನ ಮೊನೆಯ ನೆತ್ತಿಗೆ ಬಂದು ನಿಲ್ಲುತ್ತದೆ. ಪಿನ್ನು ತೆಗೆದು, ನಾಲ್ಕು ಹೊಲಿಗೆ ಹಿಂದಕ್ಕೆ ಹೋಗಿ, ಹಸಿರು ಗುಂಡಿ ಒತ್ತುತ್ತಾರೆ.

ಪರೀಕ್ಷಕರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹೊರಮೈ ನೋಡುತ್ತಾರೆ, ಒಳಮೈ ನೋಡುತ್ತಾರೆ. ಕನ್ನಡಕ ತೆಗೆದು ಮತ್ತೆ ನೋಡುತ್ತಾರೆ.

"ಎಲ್ಲಿ ನಿಂತಿತ್ತಮ್ಮ ಮಷಿನ್ನು?"

"ನಾನು ಹೇಳಲ್ಲ ಸಾರ್, ನೀವೇ ಹುಡುಕಿ," ಎನ್ನುತ್ತಾರೆ ಜಿನಮತಿ. ಬೆಂಚಿನ ಮೇಲೆ ಕೂತ ನಮಗೇ ಭಯವಾಯಿತು. ಪರೀಕ್ಷಕರು ಹುಡುಕಿದರು, ಸಿಗಲಿಲ್ಲ. ಬಟ್ಟೆ ಮಡಚಿ ಲಕೋಟೆಗೆ ಹಾಕಿದರು.

ಫಲಿತಾಂಶ ಮೇ ಇಪ್ಪತ್ತೆಂಟಕ್ಕೆ ಬಂತು. ಪಾಸು. ಶಾಂತಾದೇವಿಯವರು ಸೊಸೆಗೆ ಹೇಳಿದ್ದು ಒಂದೇ ಮಾತು: "ಈ ಸಲದ ಬಟ್ಟೆ ಮಗುಚೋ ಕೆಲಸ ಇಲ್ಲ ಬಿಡು." ಮೂವತ್ತೊಂದರಂದು ಕಾಂತಮ್ಮ ಮೇಡಂ ಹಾರ ಹಾಕಿಸಿಕೊಂಡು ಮನೆಗೆ ಹೋದರು. ಜಿನಮತಿಯವರಿಗೆ ತಾತ್ಕಾಲಿಕ ಬೋಧಕಿ ಎಂಬ ಪತ್ರ ಸಿಕ್ಕಿದೆ. ಆಫೀಸಿನ ರಿಜಿಸ್ಟರ್‌ನಲ್ಲಿ ಮಾತ್ರ ಇನ್ನೂ ಅಟೆಂಡರ್ ಎಂದೇ ಇದೆ, ಹೊಸ ಅಟೆಂಡರ್ ಬರುವವರೆಗೆ ಗುಡಿಸುವವರೂ ಅವರೇ. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ, ಅವರಿಗೆ ಏನೂ ಇಲ್ಲ. "ಎಣ್ಣೆ ಯಾರ ಕೈಗೂ ಕೊಡಲ್ಲ ಕಣ್ರೀ, ಏಳನೇ ಮಷಿನ್ ಕೆಡಿಸಿಬಿಡ್ತಾರೆ," ಎನ್ನುತ್ತಾರೆ.

ಜೂನ್ ಎರಡು, ಸೋಮವಾರ. ಎಂಟಕ್ಕೆ ಸಹಿ, ಆಮೇಲೆ ಪೊರಕೆ, ಬ್ರಷ್, ಎಣ್ಣೆ. ಹತ್ತಕ್ಕೆ ಹಾಜರಿ ಪುಸ್ತಕ ತಂದು ಮೇಜಿನ ಮೇಲಿಡುತ್ತಾರೆ. ಕಾಲು ತಾನಾಗಿ ಹಿಂದಿನ ಬೆಂಚಿನ ಕಡೆ ಎರಡು ಹೆಜ್ಜೆ ಹೋಗುತ್ತದೆ. ಹುಡುಗಿಯರು ನಗುತ್ತಾರೆ. ತಿರುಗಿ ಬಂದು ಪುಸ್ತಕ ತೆರೆಯುತ್ತಾರೆ. ಈ ತಂಡದ ವರ್ಷ ಮುಗಿಯಲು ಇನ್ನೂ ಒಂದು ತಿಂಗಳಿದೆ, ಪುಸ್ತಕ ಹಳೆಯದೇ. ಒಂದು, ಎರಡು, ಮೂರು. ಹತ್ತು ದಾಟಿದ ಮೇಲೆ ಧ್ವನಿ ಏರುತ್ತದೆ. ಇಪ್ಪತ್ತೊಂದಕ್ಕೆ ಸುಷ್ಮಿತಾ "ಎಸ್ ಮೇಡಂ" ಎನ್ನುತ್ತಾಳೆ, 'ಮೇಡಂ' ಸ್ವಲ್ಪ ಎಳೆದು. ಇಪ್ಪತ್ತೆರಡಕ್ಕೆ ಇನ್ನೊಬ್ಬಳು.

"ಇಪ್ಪತ್ಮೂರು," ಎಂದು ಕೂಗಿ ತಲೆ ಎತ್ತುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ. ಹಿಂದಿನ ಬೆಂಚು ಖಾಲಿಯಿದೆ. ಜಿನಮತಿ ಒಂದು ಗಳಿಗೆ ಆ ಬೆಂಚನ್ನೇ ನೋಡುತ್ತಾರೆ, ಆಮೇಲೆ ಪೆನ್ನು ತೆಗೆದು ತಮ್ಮ ಹೆಸರಿನ ಮುಂದೆ ಗುರುತು ಹಾಕುತ್ತಾರೆ.

"ಅವ್ಳೂ ಬಂದವ್ಳೆ," ಎನ್ನುತ್ತಾರೆ. "ಇಪ್ಪತ್ನಾಲ್ಕು?"